ಹಳೇ ರೆಗ್ಯುಲೇಟರಿನ ಸರ್ವೀಸಿಗೆ 14,760 ರೂಪಾಯಿ ಕೊಡಬೇಕಾ?

ಪ್ರಶ್ನೆ: ನಾನು ಕುಂಬಳೆಯವನು. ಮಾವ ದುಬೈಯಲ್ಲಿದ್ದಾಗ ಸ್ಕೂಬಾ ಡೈವಿಂಗ್ ಮಾಡುತ್ತಿದ್ದರು. ಊರಿಗೆ ಬಂದ ಮೇಲೆ ಅವರ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಹಾಗೆ ಬಾಯಿಗೆ ತಲುಪಿಸುವ ಸಾಧನ) ಅಟ್ಟ ಸೇರಿತ್ತು. ಹದಿನೈದು ವರ್ಷಕ್ಕಿಂತ ಹಳೆಯದು. ಆರೇಳು ವರ್ಷದಿಂದ ಯಾರೂ ಮುಟ್ಟಿಲ್ಲ. ಈಗ ನಾನು ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ ಎಂದು ಖುಷಿಯಿಂದ ಕೊಟ್ಟಿದ್ದಾರೆ. ನಾನು ವರ್ಷಕ್ಕೆ ಎರಡು ಸಲ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುತ್ತೇನೆ, ಒಟ್ಟು ನಾಲ್ಕು ಡೈವ್. ಸರ್ವೀಸಿಗೆ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್, ಆಕ್ಟೋಪಸ್ ಮೂರಕ್ಕೂ ತಲಾ 2,000 ಮಜೂರಿ. ಬದಲಿಸುವ ಬಿಡಿಭಾಗಗಳ ಸರ್ವೀಸ್ ಕಿಟ್‌ಗಳು 2,800, 1,600, 1,600. ಜಿಎಸ್‌ಟಿ ಸೇರಿ 14,160, ಕೊರಿಯರ್ 600. 'ಹೋಸ್ ಹೋಗಿದ್ದರೆ ಅದು ಬೇರೆ' ಎಂದರು! ನಾಲ್ಕು ರಬ್ಬರ್ ರಿಂಗಿಗೆ ಇಷ್ಟು ಯಾಕೆ ಸರ್? ಅಡಿಕೆಗೆ ಮದ್ದು ಬಿಡುವ ಪಂಪು ರಿಪೇರಿ ನಾನೇ ಮಾಡುವುದು. ಓ-ರಿಂಗ್ ಇಲ್ಲೇ ಹೈಡ್ರಾಲಿಕ್ ಅಂಗಡಿಯಲ್ಲಿ ಸಿಗುತ್ತದೆ. ನಾನೇ ಬಿಚ್ಚಲಾ?

ಉತ್ತರ: ಬಿಚ್ಚಬೇಡಿ. ಅಂಗಡಿಗೂ ಈಗಲೇ ಕಳಿಸಬೇಡಿ. ಮೊದಲು ಕೂತು ಲೆಕ್ಕ ಹಾಕೋಣ.

ಅಂಗಡಿಯವರು ನಿಮಗೆ ಟೋಪಿ ಹಾಕಿಲ್ಲ. ನಿಮ್ಮ ಕೈಯಲ್ಲಿರುವುದು ಒಂದು ವಸ್ತು ಅನ್ನಿಸಿದರೂ ರಿಪೇರಿಯವನಿಗೆ ಅದು ಮೂರು. ಸಿಲಿಂಡರಿಗೆ ಕಚ್ಚುವ ಫಸ್ಟ್ ಸ್ಟೇಜ್ 200 ಬಾರ್ ಒತ್ತಡವನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಜಾಸ್ತಿ ಇರುವಷ್ಟಕ್ಕೆ ಇಳಿಸುತ್ತದೆ. ಬಾಯಲ್ಲಿಡುವ ಸೆಕೆಂಡ್ ಸ್ಟೇಜ್ ಅದನ್ನು ನೀವು ಉಸಿರಾಡುವ ಮಟ್ಟಕ್ಕೆ ತರುತ್ತದೆ. ಆಕ್ಟೋಪಸ್ ಅಂದರೆ ಜೊತೆಗಾರನ ಗಾಳಿ ಮುಗಿದಾಗ ಕೊಡಲು ಇಟ್ಟ ಇನ್ನೊಂದು ಸೆಕೆಂಡ್ ಸ್ಟೇಜ್. ಮೂರನ್ನೂ ಬೇರೆ ಬೇರೆಯಾಗಿ ಪೂರ್ತಿ ಬಿಚ್ಚಬೇಕು. ಲೋಹದ ಭಾಗಗಳನ್ನು ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆಯಬೇಕು, ಸೀಟು (ಗಾಳಿಯನ್ನು ತಡೆದು ಹಿಡಿಯುವ ಸಣ್ಣ ಬಿಲ್ಲೆ) ಕೂರುವ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಓ-ರಿಂಗ್, ಸೀಟು, ಫಿಲ್ಟರ್ ಹೊಸತು ಹಾಕಿ ಜೋಡಿಸಿ, ಒತ್ತಡ ಹೊಂದಿಸಿ, ಸೀಟು ಕಚ್ಚಿ ಕೂರುವವರೆಗೆ ಕಾದು ಮತ್ತೊಮ್ಮೆ ಅಳೆಯಬೇಕು. ಆಮೇಲೆ ಸೆಕೆಂಡ್ ಸ್ಟೇಜಿನ ಲಿವರ್ ಎತ್ತರ, ಉಸಿರೆಳೆದಾಗ ವಾಲ್ವ್ ಎಷ್ಟು ಸಲೀಸಾಗಿ ತೆರೆಯುತ್ತದೆ ಎನ್ನುವುದು. ಹೊಸ ರೆಗ್ಯುಲೇಟರ್ ಆದರೂ ಇಷ್ಟೇ ಕೆಲಸ. ಹಳೆಯದಾದರೆ ಕಚ್ಚಿಕೊಂಡ ತಿರುಪು ಬಿಡಿಸುವುದೇ ಇನ್ನೊಂದು ಕೆಲಸ.

ನೀವು ಹೇಳಿದ 'ನಾಲ್ಕು ರಬ್ಬರ್ ರಿಂಗ್' ಇದರಲ್ಲಿ ಅತಿ ಅಗ್ಗದ ಭಾಗ. ಅವುಗಳ ಅಳತೆ ಸ್ಟಾಂಡರ್ಡ್, ಹೋಸಿನ ತುದಿಯ ರಿಂಗು ನಿಮ್ಮ ಹೈಡ್ರಾಲಿಕ್ ಅಂಗಡಿಯಲ್ಲೂ ಸಿಕ್ಕೀತು. ದುಡ್ಡು ಹೋಗುವುದು ಹೈ ಪ್ರೆಷರ್ ಸೀಟಿಗೆ. ಅದು ಆಯಾ ಕಂಪನಿ, ಆಯಾ ಮಾಡೆಲ್ಲಿನ ಅಚ್ಚಿನಲ್ಲೇ ಬರುವುದು. ಬೇರೆ ಯಾವುದೂ ಕೂರುವುದಿಲ್ಲ.

ಆದ್ದರಿಂದ ಅಂಗಡಿಗೆ ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟಾಗುತ್ತದೆ' ಅಲ್ಲ, 'ಈ ಮಾಡೆಲ್ಲಿಗೆ ಕಿಟ್ ಸಿಗುತ್ತದಾ'. ಫಸ್ಟ್ ಸ್ಟೇಜಿನ ಮೈಮೇಲೆ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಕೆತ್ತಿರುತ್ತಾರೆ. ಎರಡರ ಫೋಟೋ ತೆಗೆದು ಕಳಿಸಿ. ಕೆಲವು ಕಂಪನಿಗಳು ದಶಕಗಳ ಹಳೇ ಮಾಡೆಲ್ಲಿಗೂ ಕಿಟ್ ಕೊಡುತ್ತವೆ, ಕೆಲವು ಮಾಡೆಲ್ ನಿಲ್ಲಿಸಿದ ಸ್ವಲ್ಪ ವರ್ಷಕ್ಕೆ ಕೈ ಎತ್ತುತ್ತವೆ. ಕಿಟ್ ಇಲ್ಲ ಎಂದಾದರೆ ಮಾತು ಅಲ್ಲಿಗೇ ಮುಗಿಯಿತು. ಎಲ್ಲಿಂದಲೋ ಹುಡುಕಿ ತಂದ ಹಳೇ ಸ್ಟಾಕಿನ ಕಿಟ್ ಹಾಕಿಸಬೇಡಿ. ಪೊಟ್ಟಣದೊಳಗೆ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ನಿಮ್ಮ ಮಾವನದ್ದು ಸ್ಕೂಬಾಪ್ರೊ ಕಂಪನಿಯ ಎಂಕೆ2ರಂಥ ಸರಳ ಪಿಸ್ಟನ್ ಮಾಡೆಲ್ ಆಗಿದ್ದರೆ ಅದೃಷ್ಟ. ಒಳಗೆ ಓಡಾಡುವ ಭಾಗವೆಂದರೆ ಪಿಸ್ಟನ್ ಒಂದೇ. ಸಿಲಿಂಡರ್ ಖಾಲಿಯಾಗುತ್ತ ಬಂದಾಗ ಉಸಿರು ತುಸು ಬಿಗಿಯಾಗುತ್ತದೆ, ಅಷ್ಟೇ. ನೇತ್ರಾಣಿಯ ಆಳಕ್ಕೆ ಅದು ಧಾರಾಳ ಸಾಕು. ಮಾವನ ಹತ್ತಿರ ಹಳೇ ಬಿಲ್ಲು, ಸರ್ವೀಸ್ ಪುಸ್ತಕ ಇದೆಯಾ ಎಂದೂ ಕೇಳಿ. ಕೆಲವು ಕಂಪನಿಗಳು ಜೀವಮಾನ ಪೂರ್ತಿ ಬಿಡಿಭಾಗ ಪುಕ್ಕಟೆ ಎನ್ನುತ್ತವೆ. ಆದರೆ ಅದು ಸಾಮಾನ್ಯವಾಗಿ ಮೊದಲು ಕೊಂಡವರಿಗೆ, ಅದೂ ತಪ್ಪದೆ ಸರ್ವೀಸ್ ಮಾಡಿಸಿದ್ದರೆ. ಆರೇಳು ವರ್ಷ ಅಟ್ಟದಲ್ಲಿದ್ದ ಮೇಲೆ ಅದರ ಆಸೆ ಬಿಡುವುದೇ ಲೇಸು.

ಕಿಟ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ಕೊರಿಯರಿಗೆ ಹಾಕುವ ಮೊದಲು ಮನೆಯಲ್ಲೇ, ಏನೂ ಬಿಚ್ಚದೆ, ಕೆಲವು ಸಂಗತಿ ನೋಡಬಹುದು.

ಫಸ್ಟ್ ಸ್ಟೇಜಿನ ಮುಚ್ಚಳ ತೆಗೆದು ಗಾಳಿ ಒಳಹೋಗುವ ತೂತಿಗೆ ಟಾರ್ಚ್ ಹಿಡಿಯಿರಿ. ಒಳಗೊಂದು ಸಣ್ಣ ಲೋಹದ ಫಿಲ್ಟರ್ ಕಾಣುತ್ತದೆ. ಬೂದು ಅಥವಾ ಹಿತ್ತಾಳೆ ಬಣ್ಣವಿದ್ದರೆ ಸರಿ. ಕೆಂಪು ಪುಡಿ ಇದ್ದರೆ ಅದು ಯಾವುದೋ ಸ್ಟೀಲ್ ಸಿಲಿಂಡರಿನ ತುಕ್ಕು. ಕಪ್ಪಾಗಿದ್ದರೆ ಕಂಪ್ರೆಸರಿನ ಎಣ್ಣೆಯೋ ಇದ್ದಿಲ ಪುಡಿಯೋ ಬಂದಿದೆ. ತೋಟಕ್ಕೆ ಬಿಡುವ ಬೋರ್ಡೋ ಮದ್ದಿನ ಹಾಗೆ ಹಸಿರು-ನೀಲಿ ಇದ್ದರೆ ಒಳಗೆ ಉಪ್ಪುನೀರು ಹೋಗಿ ಹಿತ್ತಾಳೆ ಕಿಲುಬು ಹಿಡಿದಿದೆ. ತೆಳುವಾಗಿ ಫಿಲ್ಟರಿನ ಮೇಲಷ್ಟೇ ಇದ್ದರೆ ತೊಳೆದರೆ ಹೋಗುತ್ತದೆ. ದಪ್ಪ ಪದರವಾಗಿದ್ದರೆ ಮಾತ್ರ ನಾನು ಸರ್ವೀಸಿಗೆ ದುಡ್ಡು ಹಾಕುವುದಿಲ್ಲ. ಸೀಟು ಕೂರುವ ಅಂಚನ್ನೇ ಅದು ತಿಂದಿರುವ ಸಾಧ್ಯತೆ ಜಾಸ್ತಿ. ಅಂಚು ಹೋದರೆ ಯಾವ ಕಿಟ್ಟೂ ಉಳಿಸುವುದಿಲ್ಲ.

ಮುಂದೆ ಹೋಸ್‌ಗಳು. ಮೆಟಲ್ ತುದಿಯ ಹತ್ತಿರ ಬಗ್ಗಿಸಿ ನೋಡಿ, ಅಲ್ಲಿಂದಲೇ ಬಿರುಕು ಶುರುವಾಗುವುದು. ತುದಿಗೆ ಪ್ಲಾಸ್ಟಿಕ್ ಕವಚ ಇದ್ದರೆ ಹಿಂದೆ ಸರಿಸಿ ನೋಡಿ, ಅದರ ಅಡಿಯಲ್ಲಿ ಏನಾಗಿದೆ ಎಂದು ಹೊರಗಿಂದ ಗೊತ್ತಾಗುವುದಿಲ್ಲ. ಸಾಮಾನ್ಯ ಸೆಟ್ಟಿನಲ್ಲಿ ನಾಲ್ಕು ಹೋಸ್ ಇರುತ್ತವೆ: ಬಾಯಿಗೆ, ಆಕ್ಟೋಪಸ್ಸಿಗೆ, ಗಾಳಿ ತುಂಬಿ ತೇಲಲು ತೊಡುವ ಜಾಕೆಟ್ಟಿಗೆ, ಪ್ರೆಷರ್ ಗೇಜಿಗೆ. ಇಷ್ಟು ಹಳೆಯದಾದರೆ ನಾಲ್ಕೂ ಹೋಗಿವೆ ಎಂದೇ ಲೆಕ್ಕ ಹಾಕಿ. 'ಅದು ಬೇರೆ' ಎಂದ ಆ ಒಂದು ಮಾತಿನಲ್ಲೇ ನಿಮ್ಮ ಬಿಲ್ಲು ಉಬ್ಬುವುದು. ಗೇಜಿನ ಗಾಜಿನೊಳಗೆ ಹನಿ ಕಟ್ಟಿದ್ದರೆ ಅದೂ ಬದಲಿಗೆ.

ಕೊನೆಗೆ ಬಾಯಿಯ ಪರೀಕ್ಷೆ. ಫಸ್ಟ್ ಸ್ಟೇಜಿಗೆ ಮುಚ್ಚಳ ಬಿಗಿದು, ಸೆಕೆಂಡ್ ಸ್ಟೇಜ್ ಬಾಯಲ್ಲಿಟ್ಟು ಮೆಲ್ಲಗೆ ಉಸಿರೆಳೆಯಿರಿ. ಗಾಳಿ ಬರಬಾರದು. ಬಂದರೆ ಡಯಾಫ್ರಾಮ್ ಎಂಬ ರಬ್ಬರ್ ಪರದೆ ಹರಿದಿದೆ ಅಥವಾ ಉಸಿರು ಹೊರಹೋಗುವ ರಬ್ಬರ್ ವಾಲ್ವ್ ಮಡಚಿಕೊಂಡಿದೆ, ಇಲ್ಲವೇ ಮುಚ್ಚಳವೇ ಸರಿ ಕೂತಿಲ್ಲ. ಅಟ್ಟದಲ್ಲಿದ್ದದ್ದು, ಬಾಯಿಗಿಡುವ ಮೊದಲು ತೊಳೆಯಿರಿ. ಜಿರಳೆಗೂ ಆ ಜಾಗ ಇಷ್ಟ.

ಇನ್ನು ಖರ್ಚಿನ ಲೆಕ್ಕ. ವರ್ಷಕ್ಕೆ ನಾಲ್ಕು ಡೈವ್. ಪ್ರತಿ ವರ್ಷ ಸರ್ವೀಸ್ ಮಾಡಿಸಿದರೆ ಒಂದು ಡೈವಿಗೆ 3,690 ರೂಪಾಯಿ ಬರೀ ಸರ್ವೀಸಿಗೆ. ಎರಡು ವರ್ಷಕ್ಕೊಮ್ಮೆ ಎಂದರೂ 1,845. ವರ್ಷಕ್ಕೊಮ್ಮೆ ಅಥವಾ 100 ಡೈವಿಗೊಮ್ಮೆ, ಯಾವುದು ಮೊದಲೋ ಅದು ಎನ್ನುವುದು ಹಳೇ ರೂಢಿ. ಈಗ ಕೆಲವು ಕಂಪನಿಗಳು ವರ್ಷಕ್ಕೊಮ್ಮೆ ಪರೀಕ್ಷೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಸರ್ವೀಸ್ ಸಾಕು ಎನ್ನುತ್ತವೆ. ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿ ಏನಿದೆಯೋ ಅದನ್ನು ನಂಬಿ. ನೇತ್ರಾಣಿಗೆ ದೋಣಿ ಬಿಡುವವರು ರೆಗ್ಯುಲೇಟರ್ ಸೇರಿಸಿಯೇ ದರ ಹೇಳುವುದು ರೂಢಿ. 'ನಂದು ನಾನೇ ತರುತ್ತೇನೆ, ಎಷ್ಟು ಕಮ್ಮಿ ಮಾಡುತ್ತೀರಿ' ಎಂದು ಒಂದು ಫೋನ್ ಮಾಡಿ. ಕಮ್ಮಿಯಾಗುವ ಮೊತ್ತ ಆ 1,845ರ ಹತ್ತಿರವೂ ಬಾರದಿದ್ದರೆ ನಿಮ್ಮ ಈಗಿನ ಡೈವಿಂಗಿಗೆ ಸ್ವಂತ ರೆಗ್ಯುಲೇಟರ್ ನಷ್ಟದ ಬಾಬತ್ತೇ. ಹಳೆಯದಾದರೂ ಅಷ್ಟೆ, ಹೊಸದಾದರೂ ಅಷ್ಟೆ. ವರ್ಷಕ್ಕೆ ಇಪ್ಪತ್ತು-ಮೂವತ್ತು ಡೈವ್ ಮಾಡುವವರ ಲೆಕ್ಕ ಬೇರೆ.

ಲೆಕ್ಕ ಒಂದು ಕಡೆ, ಮಾವನ ಪ್ರೀತಿ ಇನ್ನೊಂದು ಕಡೆ ಅಲ್ವಾ? ಉಪಯೋಗಿಸಲೇಬೇಕು ಎಂದಿದ್ದರೆ ಹೀಗೆ ಮಾಡಿ. ಅಂಗಡಿಗೆ ಮೊದಲು ಪರೀಕ್ಷೆಗೆ ಮಾತ್ರ ಕೊಡಿ. ಜಾಕೆಟ್ ಹೋಸಿಗೆ ಒತ್ತಡದ ಗೇಜ್ ಸಿಕ್ಕಿಸಿ, ಸೆಕೆಂಡ್ ಸ್ಟೇಜಿನ ಪರ್ಜ್ ಬಟನ್ (ಒತ್ತಿದರೆ ಗಾಳಿ ಬಿಡುವ ಗುಂಡಿ) ಕೆಲವು ಸಲ ಒತ್ತಿ ಬಿಟ್ಟರೆ ಮುಳ್ಳು ಒಂದು ಕಡೆ ಹೋಗಿ ನಿಲ್ಲಬೇಕು. ನಿಲ್ಲದೆ ಮೆಲ್ಲಮೆಲ್ಲಗೆ ಏರುತ್ತಲೇ ಇದ್ದರೆ ಸೀಟು ಗಾಳಿ ಹಿಡಿಯುತ್ತಿಲ್ಲ ಎಂದರ್ಥ. ಐದು ನಿಮಿಷದ ಕೆಲಸ, ಎದುರಿಗೇ ನಿಂತು ನೋಡಬಹುದು. ಸರ್ವೀಸ್ ಬೇಕೆಂದಾದರೆ ಹೋಸ್, ಗೇಜ್ ಸೇರಿಸಿ ಇಷ್ಟು ರೂಪಾಯಿಯ ಮೇಲೆ ಹೋದರೆ ಫೋನ್ ಮಾಡದೆ ಮುಟ್ಟಬೇಡಿ ಎಂದು ಬರೆದು ಕೊಡಿ. ಹೊಸ ಸಾಧಾರಣ ಸೆಟ್ಟಿನ ಅರ್ಧ ಬೆಲೆ ದಾಟಿದರೆ ನಾನಾದರೆ ಬಿಡುತ್ತೇನೆ. ತೆಗೆದು ಹಾಕಿದ ಹಳೇ ಸೀಟು, ರಿಂಗುಗಳನ್ನು ಪೊಟ್ಟಣದಲ್ಲಿ ವಾಪಸ್ ಕೇಳಿ. ಮಳೆಗಾಲದಲ್ಲೇ ಕಳಿಸಿ. ನೇತ್ರಾಣಿ ಸೀಸನ್ ಶುರುವಾಗುವ ಅಕ್ಟೋಬರಿಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಗಡಿಬಿಡಿಯಲ್ಲಿ ಮಾಡಿದ ಸರ್ವೀಸ್ ನಮಗೆ ಬೇಡ. ವಾಪಸ್ ಬಂದ ಮೇಲೆ ಮೊದಲ ಡೈವ್ ಈಜುಕೊಳದಲ್ಲೋ ತೀರಾ ಕಡಿಮೆ ಆಳದಲ್ಲೋ ಆಗಲಿ. ಬಿಚ್ಚಿ ಜೋಡಿಸಿದ ಯಂತ್ರ ಕೈಕೊಡುವುದು ಹೆಚ್ಚಾಗಿ ಮೊದಲ ಸಲವೇ.

ನೀವೇ ಬಿಚ್ಚುವ ವಿಷಯ. ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಪಂಪಿನ ವಾಷರ್ ತೆಗೆಯುವ ಹಾಗೆ ಸೂಜಿಯಲ್ಲೋ ಸ್ಕ್ರೂ ಡ್ರೈವರಿನಲ್ಲೋ ಓ-ರಿಂಗ್ ಎಬ್ಬಿಸುತ್ತೀರಿ, ಹಿತ್ತಾಳೆಯ ಮೇಲೆ ಕೂದಲೆಳೆಯಷ್ಟು ಗೀರು ಬೀಳುತ್ತದೆ. ಅಷ್ಟು ಸಾಕು. ಮನೆಯ ಜಗಲಿಯಲ್ಲಿ ಅದು ಗೊತ್ತಾಗುವುದೂ ಇಲ್ಲ. ಗೊತ್ತಾಗುವುದು 18 ಮೀಟರ್ ಆಳದಲ್ಲಿ, ಸೆಕೆಂಡ್ ಸ್ಟೇಜ್ ತಾನಾಗಿ ಬುಸ್ಸೆಂದು ಗಾಳಿ ಬಿಡಲು ಶುರು ಮಾಡಿದಾಗ. ಈ ಕಾಲದ ರೆಗ್ಯುಲೇಟರ್ ಕೆಟ್ಟರೆ ಹೆಚ್ಚಾಗಿ ಗಾಳಿ ನಿಲ್ಲಿಸುವುದಿಲ್ಲ, ಸುರಿಯುತ್ತದೆ. ಆದರೆ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ. ಕಿಟ್ಟನ್ನೂ ಕಂಪನಿಗಳು ಸಾಮಾನ್ಯವಾಗಿ ತರಬೇತಿ ಆದವರಿಗಷ್ಟೇ ಕೊಡುವುದು. ಕಲಿಯಲೇಬೇಕೆಂದಿದ್ದರೆ ಕೋರ್ಸ್ ಇದೆ, ಮಾಡಿ, ಆಮೇಲೆ ಬಿಚ್ಚಿ.

ಪ್ರಶ್ನೆ: ಡೈವಿಂಗ್ ಸಾಮಾನಿನ ರಬ್ಬರ್ ಒಣಗಬಾರದು ಎಂದು ಅಮ್ಮ ತೆಂಗಿನೆಣ್ಣೆ ಸವರಿ ಇಟ್ಟಿದ್ದಾರೆ. ತೊಂದರೆ ಉಂಟಾ? (ಮಂಜೇಶ್ವರದ ಓದುಗರು)

ಉತ್ತರ: ಉಂಟು. ಎಣ್ಣೆ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ, ಧೂಳು ಹಿಡಿಸುತ್ತದೆ. ಕಾಲಿನ ಫಿನ್ನಿಗೆ ಹಚ್ಚಿದ್ದರೆ ಸೋಪುನೀರಲ್ಲಿ ತೊಳೆದು ಮರೆತುಬಿಡಿ. ರೆಗ್ಯುಲೇಟರಿನ ಗಾಳಿ ಹೋಗುವ ದಾರಿಗೆ ಅಥವಾ ಸಿಲಿಂಡರ್ ವಾಲ್ವಿಗೆ ತಾಗಿದ್ದರೆ ಹಾಗೇ ಉಪಯೋಗಿಸಬೇಡಿ. ಅದರಲ್ಲೂ ಆಮ್ಲಜನಕ ಜಾಸ್ತಿ ಇರುವ ನೈಟ್ರಾಕ್ಸ್ ಸಿಲಿಂಡರಿಗೆ ಸಿಕ್ಕಿಸಲೇಬಾರದು. ಜೋರು ಒತ್ತಡದ ಆಮ್ಲಜನಕಕ್ಕೆ ಎಣ್ಣೆ ಸಿಕ್ಕರೆ ಹತ್ತಿಕೊಳ್ಳಬಹುದು. ಬಿಚ್ಚಿ ತೊಳೆಸಿಯೇ ಮುಂದಿನ ಮಾತು. ಅಮ್ಮನಿಗೆ ಬೈಯಬೇಡಿ.

ಪ್ರಶ್ನೆ: ಸರ್ವೀಸ್ ಖರ್ಚು ಬೇಗ ಬೀಳದ ಹಾಗೆ ಡೈವ್ ಮುಗಿದ ಮೇಲೆ ಏನು ಮಾಡಬೇಕು? ನಾವು ನಮ್ಮ ಬಾವಿಯ ನೀರಲ್ಲೇ ತೊಳೆಯುವುದು. (ಉಪ್ಪಳದ ಓದುಗರು)

ಉತ್ತರ: ಮುಚ್ಚಳವನ್ನು ಒರೆಸಿ ಒಣಗಿಸಿ, ಫಸ್ಟ್ ಸ್ಟೇಜಿಗೆ ಬಿಗಿದ ಮೇಲೆಯೇ ನೀರಿಗೆ ಹಾಕಿ. ಬಕೆಟ್ಟಿನಲ್ಲಿ ಅರ್ಧ ಗಂಟೆಯಾದರೂ ನೆನೆಯಲಿ. ಮೇಲಿಂದ ನೀರು ಸುರಿದರೆ ಸಂದಿಯಲ್ಲಿ ಒಣಗಿದ ಉಪ್ಪು ಕರಗುವುದಿಲ್ಲ. ನೆನೆಯುವಾಗ ಪರ್ಜ್ ಬಟನ್ ಒತ್ತಬೇಡಿ. ಒತ್ತಿದರೆ ವಾಲ್ವ್ ತೆರೆದು ನೀರು ಹೋಸಿನೊಳಗೆ ಇಳಿದು ಫಸ್ಟ್ ಸ್ಟೇಜಿನವರೆಗೆ ಹೋಗುತ್ತದೆ. ಸಿಲಿಂಡರಿಗೆ ಸಿಕ್ಕಿಸಿ, ಗಾಳಿ ತೆರೆದಿಟ್ಟು ತೊಳೆಯಲು ಅವಕಾಶವಿದ್ದರೆ ಅದು ಇನ್ನೂ ಒಳ್ಳೆಯದು. ನೆರಳಲ್ಲಿ ಒಣಗಿಸಿ, ಹೋಸನ್ನು ಸಣ್ಣ ಸುರುಳಿ ಸುತ್ತಬೇಡಿ. ಬಾವಿ ಕಡಲ ಬದಿಯದ್ದಾದರೆ ಏಪ್ರಿಲ್-ಮೇ ಹೊತ್ತಿಗೆ ನೀರು ಒಮ್ಮೆ ಬಾಯಿಗೆ ಹಾಕಿ ನೋಡಿ. ಉಪ್ಪುಪ್ಪಾಗಿದ್ದರೆ ಆ ಎರಡು ತಿಂಗಳು ನಲ್ಲಿನೀರೇ ಆಗಬೇಕು.