ಮೈ ಮುಚ್ಚಿದ ಹಳೇ ಡ್ರ್ಯಾಗ್‌ಸ್ಟರ್ ಮಾಡಲ್: ಯಾವ ಕಾರು ಆರಿಸಬೇಕು, ಬಾಡಿ ಹೇಗೆ ಮಾಡಬೇಕು

ಸರ್, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಸಂಜೆ ಕೂತು ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು: 1950ರ ದಶಕದ ಸ್ಟ್ರೀಮ್‌ಲೈನ್ ಡ್ರ್ಯಾಗ್‌ಸ್ಟರ್ ಒಂದನ್ನು, ಅಂದರೆ ನೇರ ದಾರಿಯ ಗಿಡ್ಡ ಓಟಕ್ಕೆ ಮಾಡಿದ, ಗಾಳಿ ಸಲೀಸಾಗಿ ಜಾರುವ ಹಾಗೆ ಮೈ ಮುಚ್ಚಿದ ರೇಸ್ ಕಾರೊಂದನ್ನು, 1:24 ಅಳತೆಯಲ್ಲಿ ಮಾಡಬೇಕು, ಕಿಟ್ ಸಿಗುತ್ತಿಲ್ಲ, ಯಾವ ಕಾರು ಆರಿಸಲಿ, ಬಾಡಿ ಯಾವುದರಲ್ಲಿ ಮಾಡಲಿ. ಜೊತೆಗೆ, ಅಷ್ಟು ಚೆಂದದ ಕಾರುಗಳು ಯಾಕೆ ಉಳಿಯಲಿಲ್ಲ ಅಂತಲೂ ಕೇಳಿದ್ದೀರಿ. ಆ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಮಾಡಲ್‌ನಲ್ಲಿ ಏನಿರಬೇಕು, ಏನಿರಬಾರದು ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ.

ಈ ಆಕಾರ ಹುಟ್ಟಿದ್ದು ಡ್ರ್ಯಾಗ್ ರೇಸಿಗಾಗಿ ಅಲ್ಲ. ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಗಳು, ಆಮೇಲೆ ಯೂಟಾದ ಬಾನೆವಿಲ್ ಉಪ್ಪಿನ ಬಯಲು, ಇವು ಅದರ ತವರು. ಅಲ್ಲಿ ಕಾರಿಗೆ ಓಡಿ ವೇಗ ಕೂಡಿಸಿಕೊಳ್ಳಲು ಮೈಲಿಗಟ್ಟಲೆ ಜಾಗ ಇತ್ತು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಕಡೆ ಇದ್ದ ಬಿಲ್ ಬರ್ಕ್, ಯುದ್ಧವಿಮಾನದ ಹೊಟ್ಟೆಗೆ ನೇತುಹಾಕುವ ಪೆಟ್ರೋಲ್ ಟ್ಯಾಂಕ್ ನೋಡಿ ಇದರೊಳಗೆ ಕಾರು ಕೂರಿಸಬಹುದಲ್ಲ ಅಂದುಕೊಂಡರು. 1946ರಲ್ಲಿ ಮಾಡಿಯೂ ತೋರಿಸಿದರು. ಸೋ-ಕ್ಯಾಲ್ ಸ್ಪೀಡ್ ಶಾಪ್‌ನವರ ಸ್ಟ್ರೀಮ್‌ಲೈನರ್ 1950ರಲ್ಲಿ ಬಾನೆವಿಲ್‌ನಲ್ಲಿ ಗಂಟೆಗೆ 200 ಮೈಲಿ ದಾಟಿತು. ಅದರೊಳಗೆ ಇದ್ದದ್ದು ಹಳೇ ಫ್ಲಾಟ್‌ಹೆಡ್ ಮರ್ಕ್ಯುರಿ ಎಂಜಿನ್. ಅಂಥ ಎಂಜಿನ್‌ನಿಂದ ಅಷ್ಟು ವೇಗ ಹೊರಟಿದ್ದಕ್ಕೆ ಆ ಮೈಯೇ ಕಾರಣ.

ಅದೇ 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದ ರನ್‌ವೇ ಮೇಲೆ ಡ್ರ್ಯಾಗ್ ರೇಸ್ ಶುರುವಾಯಿತು. ಕಾಲು ಮೈಲಿ, ಅಂದರೆ 1320 ಅಡಿ, ನಮ್ಮ ಲೆಕ್ಕದಲ್ಲಿ 402 ಮೀಟರ್. ಬಂದವರಲ್ಲಿ ಎಷ್ಟೋ ಜನ ಕೆರೆಯಲ್ಲಿ ಓಡಿಸಿದ ಹುಡುಗರೇ. ಅಲ್ಲಿ ಗೆದ್ದ ಆಕಾರ ಇಲ್ಲೂ ಗೆಲ್ಲುತ್ತದೆ ಅಂತ ಅವರಿಗೆ ಅನ್ನಿಸಿದ್ದು ಸಹಜ ತಾನೇ.

ಆದರೆ 402 ಮೀಟರ್ ಬೇರೆ ಲೋಕ. ಗಾಳಿಯ ಎದುರೊತ್ತು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಎದುರೊತ್ತು ನಾಲ್ಕು ಪಟ್ಟು. ಹಾಗಾಗಿ ಹೊರಟ ಮೊದಲ ಎರಡು ಮೂರು ಸೆಕೆಂಡ್ ಗಾಳಿ ಲೆಕ್ಕಕ್ಕೇ ಇಲ್ಲ. ಅದರ ಆಟ ಎಲ್ಲ ಕೊನೆಯಲ್ಲಿ. ಬಾಡಿಯ ತೂಕ ಹಾಗಲ್ಲ. ಬಾವುಟ ಬಿದ್ದ ಕ್ಷಣದಿಂದ ಗೆರೆ ದಾಟುವ ತನಕ ಅದು ಜಗ್ಗುತ್ತಲೇ ಇರುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಕಾರು ಕೊನೆಯ 100 ಮೀಟರನ್ನು ಸೆಕೆಂಡಿಗೆ 75 ಮೀಟರ್ ವೇಗದಲ್ಲಿ ದಾಟುತ್ತದೆ ಅಂದುಕೊಳ್ಳಿ. ಅದಕ್ಕೆ ಬೇಕಾಗುವುದು 1.33 ಸೆಕೆಂಡ್. ಒಳ್ಳೆ ಬಾಡಿ ಹಾಕಿ ಆ ವೇಗವನ್ನು ನೂರಕ್ಕೆ ಮೂರರಷ್ಟು ಜಾಸ್ತಿ ಮಾಡಿದರೂ ಉಳಿಯುವುದು 0.04 ಸೆಕೆಂಡ್ ಮಾತ್ರ. ಅದೇ ಬಾಡಿಯ ಭಾರದಿಂದ ಹೊರಡುವಾಗ 0.1 ಸೆಕೆಂಡ್ ತಡವಾದರೆ ಕಥೆ ಮುಗಿಯಿತು. ಗಡಿಯಾರದಲ್ಲಿ ಕೊನೆಯ ವೇಗ ಜೋರಾಗಿ ಕಾಣುತ್ತದೆ, ಪಕ್ಕದ ಕಾರು ಮಾತ್ರ ಮೊದಲೇ ಗೆರೆ ದಾಟಿರುತ್ತದೆ. ಇದನ್ನು ಮೊದಲ ಸಲ ಕಾಗದದ ಮೇಲೆ ಹಾಕಿ ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗಿತ್ತು. ಅಷ್ಟು ಪ್ರೀತಿಯಿಂದ ತಗಡು ಬಡಿದು ಬಾಡಿ ಮಾಡಿದವರ ಕೆಲಸವನ್ನು ಎಲ್ಲರಿಗಿಂತ ಮೊದಲು ಸೋಲಿಸಿದ್ದು ಟ್ರ್ಯಾಕಿನ ಉದ್ದ.

ಇನ್ನೊಂದು ಕಡೆ ಕುದುರೆಶಕ್ತಿ ಸುಲಭವಾಗಿ ಸಿಗುತ್ತಿತ್ತು. ಕೆಲವರು ಎರಡು ಎಂಜಿನ್ ಕೂರಿಸಿದರು. ಲಾಯ್ಡ್ ಸ್ಕಾಟ್ ಅವರ ಬಸಲ್ ಬಾಂಬ್ ಮುಂದೊಂದು ಹಿಂದೊಂದು ಎಂಜಿನ್ ಇಟ್ಟುಕೊಂಡು 1955ರಲ್ಲಿ ಗಂಟೆಗೆ 150 ಮೈಲಿ ದಾಟಿತು. ಕೆಲವರು ನೈಟ್ರೋಮೀಥೇನ್ ಅನ್ನುವ ಜೋರಾದ ಇಂಧನ ಸುರಿದರು. ಕೆಲವರು ಜಿಎಂಸಿ ಡೀಸೆಲ್ ಎಂಜಿನ್ನಿನ 6-71 ಬ್ಲೋವರ್, ಅಂದರೆ ಎಂಜಿನ್ ಒಳಗೆ ಗಾಳಿ ತುರುಕುವ ಯಂತ್ರ, ಬಿಚ್ಚಿ ತಂದು ವಿ8 ಮೇಲೆ ಕೂರಿಸಿದರು. ಅದು ಎಂಜಿನ್ ತಲೆ ಮೇಲೆ ಎದ್ದು ನಿಲ್ಲುವ ಸಾಮಾನು, ನಯವಾದ ಬಾಡಿಗೂ ಅದಕ್ಕೂ ಹೊಂದಾಣಿಕೆ ಕಷ್ಟ. ಮೇಲಾಗಿ ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಎಂಜಿನ್ ಬಿಚ್ಚಿ ನೋಡಬೇಕು. ಪ್ರತಿ ಸಲ ಬಾಡಿ ಇಳಿಸಿ ಏರಿಸುತ್ತಾ ಕೂತರೆ ಆಗುತ್ತದಾ?

ಇಷ್ಟೆಲ್ಲ ಇದ್ದರೂ ಒಂದು ಕಾರು ಲೆಕ್ಕವನ್ನೇ ತಿರುಗಿಸಿತು. ನಿಮಗೆ ನಾನು ಹೇಳಬೇಕು ಅಂದುಕೊಂಡಿರುವುದು ಅದರ ಬಗ್ಗೆಯೇ. ಅದನ್ನು ಮಾಡಿದವರು ರಾಬರ್ಟ್ ಜಾನ್ಸನ್, ಎಲ್ಲರ ಬಾಯಲ್ಲಿ ಜಾಕೊ. ಅವರ ಕಸುಬು ಸಿಲಿಂಡರ್ ಹೆಡ್ ಪೋರ್ಟಿಂಗ್. ಎಂಜಿನ್ ಒಳಗೆ ಗಾಳಿ ಹೋಗುವ ದಾರಿಯನ್ನು ಉಜ್ಜಿ ಉಜ್ಜಿ ನಯ ಮಾಡುವ ಕೆಲಸ. ದಿನವಿಡೀ ಬೆರಳ ತುದಿಯಲ್ಲಿ ಗಾಳಿಯ ದಾರಿ ಮುಟ್ಟಿ ನೋಡುವ ಮನುಷ್ಯ ಕಾರಿನ ಹೊರಮೈ ಮಾಡಲು ಕೂತರೆ ಹೇಗಿರಬೇಡ! ನಾಲ್ಕೂ ಚಕ್ರ ಒಳಗೆ ಸೇರಿಸಿಕೊಂಡ, ಮರಳಿನ ಮೇಲೆ ನೀರು ಸವೆಸಿದ ಕಲ್ಲಿನ ಹಾಗಿರುವ ಆಕಾರ ಅದು. 1959ರಲ್ಲಿ ರಿವರ್‌ಸೈಡ್‌ನಲ್ಲಿ ಜಾಝಿ ಜಿಮ್ ನೆಲ್ಸನ್ ಅದನ್ನು 8.35 ಸೆಕೆಂಡಿನಲ್ಲಿ ಓಡಿಸಿದರು. ಕೊನೆಯ ವೇಗ ಗಂಟೆಗೆ 178 ಮೈಲಿ, ಅಂದರೆ ಸುಮಾರು 287 ಕಿಲೋಮೀಟರ್. ಗಮನಿಸಿ, ಇಲ್ಲಿ ಹೆಸರು ತಂದದ್ದು ವೇಗ ಅಲ್ಲ, ಸಮಯ. ಯಾವುದರಲ್ಲಿ ಮೈ ಮುಚ್ಚಿದ ಕಾರು ಸೋಲುತ್ತದೆ ಅನ್ನುತ್ತಿದ್ದರೋ ಅದರಲ್ಲೇ ಗೆದ್ದಿತು.

ಮುಂದೆ ಹೆಸರಾಂತ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಇದೇ ಜಾಕೊ ಕೈಯಿಂದ ಬಂದ ವಿನ್ಸ್ ಲೈನರ್ ಅನ್ನುವ ಕಾರನ್ನು 1973ರಲ್ಲಿ ಇಳಿಸಿದರು. ಅಂದುಕೊಂಡಷ್ಟು ಓಡಲಿಲ್ಲ, ಬದಿಗಿಟ್ಟರು. ಆದರೆ ಆಸೆ ಬಿಡಲಿಲ್ಲ ನೋಡಿ. 1986ರಲ್ಲಿ ಸ್ವಾಂಪ್ ರ್‍ಯಾಟ್ 30 ತಂದರು. ಚಾಲಕನ ತಲೆ ಮೇಲೆ ಮುಚ್ಚಳ, ಮುಂದೆ ಪುಟ್ಟ ಚಕ್ರ. ಗಂಟೆಗೆ 272 ಮೈಲಿ ಓಡಿತು. ಈಗ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ನಿಮ್ಮ ಕಾಲಕ್ಕೆ ಇದು ಸೇರುವುದಿಲ್ಲ, ಮುಂದಿನ ಮಾಡಲ್‌ಗೆ ಇಟ್ಟುಕೊಳ್ಳಿ.

ಈಗ ಆಯ್ಕೆ. ಕಿಟ್ ಇಲ್ಲದೆ ಎಲ್ಲವನ್ನೂ ಕೈಯಲ್ಲೇ ಮಾಡುವ ಸ್ಕ್ರ್ಯಾಚ್ ಬಿಲ್ಡ್ ನಿಮಗೆ ಇದೇ ಮೊದಲಾಗಿದ್ದರೆ ಜಾಕೊ ಕಾರಿಗೆ ಕೈ ಹಾಕಬೇಡಿ. ಅದರ ಮೈಯಲ್ಲಿ ನೇರ ಗೆರೆ ಇಲ್ಲ, ಎಡ ಬಲ ಒಂದೇ ಥರ ಬರಿಸುವುದರಲ್ಲೇ ತಾಳ್ಮೆ ಮುಗಿಯುತ್ತದೆ. ಗ್ಲಾಸ್ ಸ್ಲಿಪರ್ ಮಾಡಿ. ಸ್ಯಾಕ್ರಮೆಂಟೊದ ಕೊರ್ಟೊಪಾಸಿ ಸಹೋದರರ ಕಾರು. 1957ರ ಓಕ್ಲೆಂಡ್ ರೋಡ್‌ಸ್ಟರ್ ಶೋನಲ್ಲಿ ಅತಿ ಸುಂದರ ರೇಸ್ ಕಾರು ಅಂತ ಬಹುಮಾನ ಪಡೆದದ್ದು. ಉದ್ದ ಮೂತಿ, ತೆಳು ಮೈ, ಚಕ್ರಗಳು ಹೊರಗೆ. ಬಾಡಿ ಮತ್ತು ಚಕ್ರಗಳನ್ನು ಬೇರೆ ಬೇರೆ ಮಾಡಿ ಜೋಡಿಸಬಹುದು, ತಪ್ಪಾದರೆ ತಿದ್ದಬಹುದು. ಚೆನ್ನಾಗಿ ಕೆಲಸ ಬರುವವರಾದರೆ ಜಾಕೊ ಮಾಡಿ, ನಾನೂ ನೋಡಲು ಕಾಯುತ್ತೇನೆ.

ಡ್ರ್ಯಾಗ್‌ಸ್ಟರೇ ಆಗಬೇಕು ಅಂತಿಲ್ಲ, ಅದರ ತಾತನೂ ಆಗಬಹುದು ಅನ್ನುವುದಾದರೆ ಬರ್ಕ್ ಥರದ ಟ್ಯಾಂಕ್ ಕಾರು ಎಲ್ಲಕ್ಕಿಂತ ಸುಲಭ. ಅದರ ಮೈ ದುಂಡು, ಲೇತ್‌ನಲ್ಲಿ ಕಡೆದರೆ ಮುಗಿಯಿತು. ಚನ್ನಪಟ್ಟಣದಲ್ಲಿ ಆಟಿಕೆ ಕಡೆಯುವವರು ಯಾರಾದರೂ ಪರಿಚಯ ಇದ್ದರೆ ಕಾಗದದಲ್ಲಿ ಆಕಾರ ಕತ್ತರಿಸಿ ಕೊಡಿ. ಹಾಲೆ ಮರದಲ್ಲಿ ಕಡೆದು ಕೊಡುತ್ತಾರೆ. ಆ ಮರದ ಎಳೆ ಸಣ್ಣ, ಬಣ್ಣ ಚೆನ್ನಾಗಿ ಕೂರುತ್ತದೆ.

ಅಳತೆ ತೆಗೆಯುವ ಬಗ್ಗೆ. ಪಕ್ಕದಿಂದ ನೇರವಾಗಿ ತೆಗೆದ ಒಂದು ಫೋಟೊ ಹುಡುಕಿ. ಓರೆ ಫೋಟೊ ಬೇಡ, ಮೂತಿ ಉದ್ದ ಮೋಸ ಮಾಡುತ್ತದೆ. ಅದರಲ್ಲಿ ಅಳತೆ ಗೊತ್ತಿರುವ ಒಂದು ವಸ್ತು ಹಿಡಿದುಕೊಳ್ಳಿ. ಹಿಂದಿನ ರಿಮ್ 16 ಇಂಚು ಅಂತ ಖಾತ್ರಿಯಾದರೆ ನಿಮ್ಮ ಅಳತೆಯಲ್ಲಿ ಅದು 17 ಮಿಲಿಮೀಟರ್. ರಿಮ್ ಅಷ್ಟು ಬರುವ ಹಾಗೆ ಫೋಟೊ ಪ್ರಿಂಟ್ ಹಾಕಿಸಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಆ ಕಾಲದ ಕಾರುಗಳು ಗಿಡ್ಡ. ಮುಂದಿನ ಹಿಂದಿನ ಚಕ್ರಗಳ ನಡುವೆ 100 ಇಂಚು ಇದ್ದರೆ ಮಾಡಲ್‌ನಲ್ಲಿ ಹತ್ತೂವರೆ ಸೆಂಟಿಮೀಟರ್ ಚಿಲ್ಲರೆ. ಆಮೇಲಿನ ಉದ್ದುದ್ದ ಡ್ರ್ಯಾಗ್‌ಸ್ಟರ್‌ಗಳ ಚಿತ್ರ ತಲೆಯಲ್ಲಿಟ್ಟುಕೊಂಡು ಎಳೆಯಬೇಡಿ.

ಬಾಡಿಗೆ ಬಾಲ್ಸಾ ಮರ ಒಳ್ಳೆಯದು. ಪಕ್ಕದ ಆಕಾರ ಮೊದಲು ಕತ್ತರಿಸಿ, ಆಮೇಲೆ ಮೇಲಿನ ಆಕಾರ. ರಟ್ಟಿನಲ್ಲಿ ಅಡ್ಡಕೊಯ್ತದ ಅರ್ಧ ಅಚ್ಚು ಮಾಡಿಕೊಳ್ಳಿ, ಎರಡು ಸೆಂಟಿಮೀಟರಿಗೊಂದು ಸಾಕು. ಎಡಕ್ಕೆ ಹಿಡಿದದ್ದನ್ನೇ ತಿರುಗಿಸಿ ಬಲಕ್ಕೆ ಹಿಡಿದು ನೋಡುತ್ತಾ ಉಜ್ಜಿ. ಸ್ಯಾಂಡಿಂಗ್ ಸೀಲರ್ ಎರಡು ಮೂರು ಕೋಟ್, ತಗ್ಗಿದ್ದಲ್ಲಿ ಕಾರಿಗೆ ಹಾಕುವ ಪುಟ್ಟಿ, 220ರ ಎಮರಿ ಪೇಪರ್‌ನಿಂದ ಶುರು ಮಾಡಿ 800ರ ತನಕ. ಥರ್ಮಾಕೋಲ್ ಅಗ್ಗ ಅಂತ ಆಸೆ ಆಗುತ್ತದೆ, ಬೇಡ. ನಾನು ಒಂದು ಸಲ ಅದರಲ್ಲೇ ಮಾಡಿ, ನೇರ ಸ್ಪ್ರೇ ಪೇಂಟ್ ಹೊಡೆದೆ. ಕಣ್ಣೆದುರೇ ಮೂತಿ ಕರಗಿ ಒಳಕ್ಕೆ ಹೋಯಿತು. ಎರಡು ವಾರದ ಕೆಲಸ.

ಪ್ರೈಮರ್ ಹೊಡೆದ ಮೇಲೆ ಕೈಗೆ ನಯ ಅನ್ನಿಸಿದರೂ ನಂಬಬೇಡಿ. ಮೇಲೆ ಸ್ವಲ್ಪ ನೀರು ಸವರಿ, ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿ. ಬೆಳಕಿನ ಗೆರೆ ಮೂತಿಯಿಂದ ಬಾಲದ ತನಕ ಒಂದೇ ಸಮ ಹರಿಯಬೇಕು. ಎಲ್ಲಿ ಗೆರೆ ನಡುಗುತ್ತದೋ, ಎಲ್ಲಿ ದಪ್ಪ ಆಗಿ ಸಣ್ಣ ಆಗುತ್ತದೋ, ಅಲ್ಲಿ ತಗ್ಗು ಇದೆ ಅಂತಲೇ ಅರ್ಥ. ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಬೆಳಿಗ್ಗೆ ಅಲ್ಲಿಗಷ್ಟೇ ಪುಟ್ಟಿ. ಇಡೀ ಮೈ ಮತ್ತೆ ಉಜ್ಜಬೇಡಿ. ಸ್ಟ್ರೀಮ್‌ಲೈನ್ ಕಾರಿನ ಮಾಡಲ್ ಅಂದರೆ ಆ ಬೆಳಕಿನ ಗೆರೆಯೇ ಸರ್, ಬಣ್ಣ ಆಮೇಲಿನ ಮಾತು.

ಇನ್ನು ಕಾಲಕ್ಕೆ ತಕ್ಕ ಸಾಮಾನು. ಹಿಂದಿನ ಟೈರ್ ಗೀರಿಲ್ಲದ ಸ್ಲಿಕ್, ಮುಂದಿನದು ತೆಳು. ಪ್ಯಾರಾಚೂಟ್ ಹಾಕಬೇಡಿ, ದಶಕದ ನಡುವಿನ ಕಾರಿಗೆ ಅದು ಇರಲಿಲ್ಲ. ಹಿಂದೆ ತಳ್ಳಲು ಒಂದು ಪಟ್ಟಿ ಬೇಕೇ ಬೇಕು. ಆಗ ಕಾರಿನಲ್ಲಿ ಸ್ಟಾರ್ಟರ್ ಇರುತ್ತಿರಲಿಲ್ಲ, ಇನ್ನೊಂದು ಗಾಡಿ ಹಿಂದಿನಿಂದ ತಳ್ಳಿ ಚಾಲೂ ಮಾಡುತ್ತಿದ್ದರು. ಎಷ್ಟು ಚೆಂದ ಮಾಡಿದ ಮಾಡಲ್‌ಗಳಲ್ಲೂ ಇದೊಂದನ್ನು ಮರೆತಿರುತ್ತಾರೆ. ಟ್ರ್ಯಾಕಿನ ದೃಶ್ಯವನ್ನೂ ಮಾಡುವುದಾದರೆ ದೀಪದ ಕಂಬ ನಿಲ್ಲಿಸಬೇಡಿ, ಕ್ರಿಸ್‌ಮಸ್ ಟ್ರೀ ಅನ್ನುವ ಆ ದೀಪಗಳು ಬಂದದ್ದು 1963ರಲ್ಲಿ. ಎರಡು ಕಾರಿನ ನಡುವೆ ಬಾವುಟ ಹಿಡಿದ ಒಬ್ಬ ಮನುಷ್ಯನನ್ನು ನಿಲ್ಲಿಸಿ.

ಬಣ್ಣದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಪ್ರೈಮರ್ ಆದ ದಿನ ಟ್ಯೂಬ್‌ಲೈಟ್ ಕೆಳಗಿನ ಫೋಟೊ ಇಲ್ಲಿ ಹಾಕಿ, ಪಕ್ಕದಿಂದ ಒಂದು, ಮೂತಿ ಕಡೆಯಿಂದ ಒಂದು. ಎಲ್ಲಿ ಉಜ್ಜಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ.