ಹಳೆಯ ಹೋಂಡಾ ಮಂಕಿ ಬೈಕಿಗೆ 125 ಸಿಸಿ ಎಂಜಿನ್ ಕೂರುತ್ತದೆಯೇ?

ಕೂರುತ್ತದೆ, ಸಾಮಾನ್ಯವಾಗಿ ಫ್ರೇಮ್ ಕೊಯ್ಯದೆಯೇ. 1970ರ ದಶಕದ ಝಡ್50ಯ (ಪುಟ್ಟ ಮಂಕಿ ಬೈಕಿನ ಮಾದರಿ ಹೆಸರು) 49 ಸಿಸಿ ಎಂಜಿನ್ ಹೋಂಡಾದ್ದೇ ಸೂಪರ್ ಕಬ್ ಬೈಕಿನ ವಂಶದ್ದು: ಸಿಲಿಂಡರ್ ಮುಂದಕ್ಕೆ ಮಲಗಿರುತ್ತದೆ, ಫ್ರೇಮಿಗೆ ಹಿಡಿದಿರುವುದು ಎರಡೇ ಉದ್ದನೆಯ ಬೋಲ್ಟ್. ಲಿಫಾನ್‌ನಂಥ ಚೀನೀ ಕಂಪನಿಗಳ 125 ಸಿಸಿ ಎಂಜಿನ್‌ಗಳು ಅದೇ ವಿನ್ಯಾಸ ಅನುಸರಿಸಿದವು, ಬೋಲ್ಟ್ ತೂತುಗಳ ಅಂತರವೂ ಅದೇ.

ತಲೆನೋವು ಶುರುವಾಗುವುದು ಆಮೇಲೆ. ಹಳೆಯ ವೈರಿಂಗ್ 6 ವೋಲ್ಟಿನದು, ಹೊಸ ಎಂಜಿನ್ 12ರದ್ದು. ಹಳೇ ಬಲ್ಬನ್ನು ಹಾಗೇ ಉಳಿಸಿಕೊಂಡರೆ ಸುಟ್ಟುಹೋಗುತ್ತದೆ. ಹೊಸ ಎಂಜಿನ್ ಕೈ ಕ್ಲಚ್‌ನದ್ದಾದರೆ ಕ್ಲಚ್ ಲಿವರ್ ಹೊಸದಾಗಿ ಹಾಕಬೇಕು, ಮೂಲ ಬೈಕಿಗೆ ಅದು ಇರಲೇ ಇಲ್ಲ. ಎರಡೂ ಸ್ಪ್ರಾಕೆಟ್‌ಗಳ (ಚೈನ್ ಓಡುವ ಹಲ್ಲಿನ ಚಕ್ರಗಳ) ಮೇಲೆ ಸ್ಕೇಲ್ ಇಟ್ಟು ನೋಡಿ. ಸಾಲು ತಪ್ಪಿದ್ದರೆ ಚೈನ್ ಹಾರುತ್ತದೆ. ನನ್ನನ್ನು ಕೇಳಿದರೆ, ಎಂಜಿನ್‌ಗೂ ಮೊದಲು ಬ್ರೇಕ್ ಸರಿಮಾಡಿಸಿ. ಆ 8 ಇಂಚಿನ ಚಕ್ರದೊಳಗಿನ ಪುಟಾಣಿ ಡ್ರಮ್ ಬ್ರೇಕುಗಳು 49 ಸಿಸಿ ವೇಗಕ್ಕೆಂದೇ ಮಾಡಿದ್ದು. ಹಾಂ, ಹಳೆಯ ಎಂಜಿನ್ ಮಾತ್ರ ಗುಜರಿಗೆ ಹಾಕಬೇಡಿ.