ಟಿಎಲ್‌ಡಿ ಜೊತೆ ಕ್ಯಾಲ್ಸಿಯಂ: ವೈರಲ್ ಲೋಡ್ ಏರಿದ್ದೇಕೆ?

ನಿಮ್ಮ ವೈರಲ್ ಲೋಡ್ (ರಕ್ತದಲ್ಲಿನ ಎಚ್‌ಐವಿ ಪ್ರಮಾಣ) ಏರಿದ್ದೇಕೆ ಎಂದು ಕೇಳಿದ್ದೀರಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ (ಮೂರು ಎಚ್‌ಐವಿ ಔಷಧಿಗಳು ಸೇರಿದ ಮಾತ್ರೆ) ಜೊತೆಗೇ ಕ್ಯಾಲ್ಸಿಯಂ ನುಂಗುತ್ತೇನೆ ಎಂದಿದ್ದೀರಿ ಅಲ್ವಾ, ಲೋಡ್ ಏರಲು ಬಹುಶಃ ಅದೇ ಕಾರಣ. ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್, ವೈರಸ್ಸಿನ ಇಂಟಿಗ್ರೇಸ್ ಕಿಣ್ವದೊಳಗಿನ ಮೆಗ್ನೀಸಿಯಂ ಅನ್ನು ಹಿಡಿದು ಕಿಣ್ವವನ್ನು ತಡೆಯುತ್ತದೆ. ಹೊಟ್ಟೆಯಲ್ಲೇ ಕ್ಯಾಲ್ಸಿಯಂ ಸಿಕ್ಕರೆ ಅದಕ್ಕೇ ಅಂಟಿಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ಟಿಎಲ್‌ಡಿ ಮಾತ್ರ ನಿಲ್ಲಿಸಬೇಡಿ. ಮೊದಲು ಅದನ್ನು ನುಂಗಿ, 2 ಗಂಟೆ ಬಿಟ್ಟು ಕ್ಯಾಲ್ಸಿಯಂ. ಕ್ಯಾಲ್ಸಿಯಂ ಮೊದಲಾದರೆ 6 ಗಂಟೆ ಕಾಯಬೇಕು. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು; ನಾನು ರಾತ್ರಿ ಊಟಕ್ಕೆ ಹಾಗೇ ಮಾಡುತ್ತೇನೆ. ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕ. ಜೆಲುಸಿಲ್‌ನಂಥ ಆಂಟಾಸಿಡ್‌ಗೆ ಈ ಊಟದ ರಿಯಾಯಿತಿ ಇಲ್ಲ.

ಡೋಸ್ ತಪ್ಪಿದ್ದರೂ ಲೋಡ್ ಏರಬಹುದು. ಹಾಗಾಗಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ನಿಮ್ಮ ಎಲ್ಲ ಮಾತ್ರೆಗಳನ್ನೂ ತೋರಿಸಿ, ಮತ್ತೆ ಟೆಸ್ಟ್ ಯಾವಾಗ ಅಂತ ಕೇಳಿ.